ನೆಟ್ ಕಂಪನಿಗೆ ಕಾಣುವುದೇನು, ಅದು ಬರೆದಿಡುವುದೇನು

2016ರ ಆಗಸ್ಟ್‌ನಲ್ಲಿ ದೇಶದ ಹಲವೆಡೆ, ನಿರ್ಬಂಧಿತ ಟೊರೆಂಟ್ ಸೈಟ್‌ಗಳ ಬಾಗಿಲು ತಟ್ಟಿದವರಿಗೆ ಸಿನಿಮಾ ಬದಲು ಒಂದು ಎಚ್ಚರಿಕೆ ಸಿಕ್ಕಿತು. ಇಲ್ಲಿರುವುದನ್ನು ನೋಡುವುದು, ಇಳಿಸಿಕೊಳ್ಳುವುದು, ಪ್ರದರ್ಶಿಸುವುದು, ನಕಲು ಮಾಡುವುದು ಎಲ್ಲವೂ ಅಪರಾಧ. ಮೂರು ವರ್ಷದವರೆಗೆ ಜೈಲು, ಮೂರು ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತಿತ್ತು. ಸುದ್ದಿ ಬಾಯಿಂದ ಬಾಯಿಗೆ ದಾಟುವಾಗ ಬಾಲವೂ ಬೆಳೆಯಿತು. ಸೈಟ್ ತೆರೆದರೆ ಸಾಕು, ನೆಟ್ ಕಂಪನಿಯವರು ಪೊಲೀಸರಿಗೆ ಹೆಸರು ಕೊಡುತ್ತಾರೆ ಎಂಬ ನಂಬಿಕೆ ಅಂದಿನಿಂದ ಗಟ್ಟಿಯಾಗಿ ಕೂತಿದೆ.

ಅದೇ ತಿಂಗಳು ‘ಡಿಶೂಂ’ ಎಂಬ ಹಿಂದಿ ಚಿತ್ರದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಈ ಒಕ್ಕಣೆಯನ್ನೇ ಎತ್ತಿಕೊಂಡರು. ನೋಡುವುದು ಅಪರಾಧವಲ್ಲ, ಹಕ್ಕುದಾರರಿಗೆ ನಷ್ಟವಾಗುವಂತೆ ಹಂಚುವುದು, ಅನುಮತಿಯಿಲ್ಲದೆ ಸಾರ್ವಜನಿಕವಾಗಿ ತೋರಿಸುವುದು, ಮಾರುವುದು ಅಥವಾ ಬಾಡಿಗೆಗೆ ಕೊಡುವುದು ಅಪರಾಧ ಎಂದು ಸ್ಪಷ್ಟಪಡಿಸಿದರು. ಎಚ್ಚರಿಕೆಯ ಮಾತುಗಳು ಬದಲಾಗಬೇಕಾಯಿತು. ತಿದ್ದುಪಡಿ ಮಾತ್ರ ವಾಟ್ಸಾಪ್‌ನಲ್ಲಿ ಅಷ್ಟು ಓಡಲಿಲ್ಲ.

ಹಾಗಂತ ಟೊರೆಂಟ್ ಬಳಸುವವರು ನಿರಾಳವಾಗಿ ಉಸಿರಾಡುವಂತಿಲ್ಲ. ಟೊರೆಂಟ್‌ನಲ್ಲಿ ಸಿನಿಮಾ ಇಳಿಯುತ್ತಿರುವಾಗಲೇ, ಬಂದಿಳಿದ ತುಣುಕುಗಳು ಅದೇ ಕಂಪ್ಯೂಟರಿನಿಂದ ಇನ್ನೊಬ್ಬರಿಗೆ ಹೋಗುತ್ತಿರುತ್ತವೆ. ‘ನಾನು ಬರೀ ನೋಡಿದೆ’ ಎನ್ನುವವರು ಎಷ್ಟೋ ಸಲ ತಮಗೇ ತಿಳಿಯದೆ ಹಂಚಿಯೂ ಇರುತ್ತಾರೆ. ಹಕ್ಕು ಉಲ್ಲಂಘನೆಯ ಬಗೆಗಿನ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದು, ಅದು ಜಾಮೀನುರಹಿತ ಎಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನೊಂದು ನಂಬಿಕೆ, ನೆಟ್ ಕಂಪನಿಯವರು ಗಿರಾಕಿಯ ಹೆಗಲ ಹಿಂದೆ ನಿಂತು ಪ್ರತಿ ದೃಶ್ಯವನ್ನೂ ನೋಡುತ್ತಿರುತ್ತಾರೆ ಎಂಬುದು. ಇಂದು ಬಹುಪಾಲು ಸೈಟ್‌ಗಳು ಗೂಢಲಿಪಿಯಲ್ಲಿ ಓಡುತ್ತವೆ. ಯಾವ ಸೈಟಿಗೆ, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಹೋಯಿತು ಎಂಬುದು ಕಂಪನಿಗೆ ಸಾಮಾನ್ಯವಾಗಿ ಕಾಣುತ್ತದೆ. ಆ ಸೈಟಿನೊಳಗೆ ಯಾವ ಪುಟ, ಯಾವ ಚಿತ್ರ ಎಂಬುದು ಕಾಣುವುದಿಲ್ಲ. ಟೊರೆಂಟ್ ದಟ್ಟಣೆಯನ್ನು ಗುರುತಿಸಬಹುದು, ಆದರೆ ಗುರುತಿಸುವುದೇ ಬೇರೆ, ಒಳಗಿನದನ್ನು ಅರಿಯುವುದೇ ಬೇರೆ. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಟೊರೆಂಟ್ ಸಂಪರ್ಕಗಳನ್ನು ಗುಟ್ಟಾಗಿ ಕತ್ತರಿಸುತ್ತಿದೆ ಎಂಬ ದೂರು ಬಂತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪರೀಕ್ಷಿಸಲು ಆರಿಸಿಕೊಂಡ ಕಡತ ಕಿಂಗ್ ಜೇಮ್ಸ್ ಬೈಬಲ್. ಅಮೆರಿಕದಲ್ಲಿ ಯಾರ ಹಕ್ಕಿಗೂ ಒಳಪಡದ ಆ ಗ್ರಂಥದ ರವಾನೆಗೂ ಅಡ್ಡಿಯಾಯಿತು. ಕಳ್ಳಮಾಲೋ ಧರ್ಮಗ್ರಂಥವೋ ಎಂಬುದು ಕಂಪನಿಯ ಯಂತ್ರಕ್ಕೆ ಬೇಕಿರಲಿಲ್ಲ.

ಹಾಗಾದರೆ ಕಾವಲು ಕಾಯುವವರು ಯಾರು? ಚಿತ್ರ ಮತ್ತು ಸಂಗೀತ ಕಂಪನಿಗಳು ನೇಮಿಸಿಕೊಂಡ ಖಾಸಗಿ ಸಂಸ್ಥೆಗಳು. ಅವುಗಳ ಕಂಪ್ಯೂಟರುಗಳು ತಾವೂ ಟೊರೆಂಟ್ ಗುಂಪಿನೊಳಗೆ ಹೊಕ್ಕು, ಅಲ್ಲಿ ಎಲ್ಲರಿಗೂ ಕಾಣುವ ಐಪಿ ವಿಳಾಸಗಳನ್ನು ಗುರುತು ಹಾಕಿಕೊಳ್ಳುತ್ತವೆ. ಅಲ್ಲಿಯವರೆಗೆ ಅದು ಬರೀ ಒಂದು ಸಂಖ್ಯೆ. ಆ ಸಂಖ್ಯೆಯ ಹಿಂದಿನ ಹೆಸರು, ಮನೆ ವಿಳಾಸ, ಫೋನ್ ನಂಬರ್ ಇರುವುದು ನೆಟ್ ಕಂಪನಿಯ ದಾಖಲೆಯಲ್ಲಿ. ಅಮೆರಿಕದಲ್ಲಿ 2013ರಿಂದ 2017ರ ಆರಂಭದವರೆಗೆ ನಡೆದ ‘ಆರು ಎಚ್ಚರಿಕೆ’ ಯೋಜನೆಯೂ ಇದೇ ಕೆಲಸ ವಿಭಜನೆಯ ಮೇಲೆ ನಿಂತಿತ್ತು: ಹಕ್ಕುದಾರರ ಕಡೆಯವರು ಸಂಖ್ಯೆ ಕಳಿಸುವುದು, ನೆಟ್ ಕಂಪನಿ ಅದರ ಗಿರಾಕಿಗೆ ಎಚ್ಚರಿಕೆ ಮುಟ್ಟಿಸುವುದು. ಖಾಸಗಿತನದ ನಿಜವಾದ ಜಗಳ ಇರುವುದು ಈ ಸಂಖ್ಯೆಗೂ ಹೆಸರಿಗೂ ಗಂಟು ಬೀಳುವ ಜಾಗದಲ್ಲಿ. ಕದ್ದು ನೋಡುವ ಕಣ್ಣಿನ ಬಗ್ಗೆ ಹೆದರುವವರು ಈ ದಾಖಲೆ ಪುಸ್ತಕದ ಬಗ್ಗೆ ಯೋಚಿಸುವುದು ಕಡಿಮೆ. ಭಾರತದಲ್ಲಂತೂ 2021ರ ಡಿಸೆಂಬರ್‌ನಲ್ಲಿ ತಿದ್ದಿದ ಲೈಸೆನ್ಸ್ ಷರತ್ತುಗಳ ಪ್ರಕಾರ, ಕಂಪನಿಗಳು ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಲೇಬೇಕು.

ಆ ಗಂಟು ಎಷ್ಟು ಸಡಿಲ ಎಂಬುದಕ್ಕೆ 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೊಟ್ಟ ಪುರಾವೆ ನಗು ಬರಿಸುವಂಥದ್ದು. ಅವರು ಒಂದು ಹಾಡನ್ನೂ ಇಳಿಸಿಕೊಳ್ಳದೆ ಪೈರಸಿ ನೋಟಿಸುಗಳನ್ನು ತರಿಸಿಕೊಂಡರು. ಕೆಲವು ನೋಟಿಸುಗಳು ಬಂದದ್ದು ಕ್ಯಾಂಪಸ್ಸಿನ ಪ್ರಿಂಟರುಗಳ ಹೆಸರಿಗೆ! ‘ಐಪಿ ಸಿಕ್ಕಿತೆಂದರೆ ಕಳ್ಳ ಸಿಕ್ಕಂತೆ’ ಎನ್ನುವವರು ಆ ಪ್ರಿಂಟರುಗಳಲ್ಲಿ ಯಾವುದನ್ನು ಕಟಕಟೆಗೆ ಹತ್ತಿಸುತ್ತಾರೋ.

ನಮ್ಮ ಮೊಬೈಲ್ ಜಾಲಗಳಲ್ಲಿ ಸಾವಿರಾರು ಗಿರಾಕಿಗಳು ಒಂದೇ ಹೊರ ಐಪಿ ವಿಳಾಸ ಹಂಚಿಕೊಳ್ಳುವುದು ಮಾಮೂಲು. ಸಮಯ ಮತ್ತು ಪೋರ್ಟ್ ಸಂಖ್ಯೆಯೂ ಕರಾರುವಾಕ್ಕಾಗಿ ಸಿಗದಿದ್ದರೆ ಬೊಟ್ಟು ತಪ್ಪು ಮನೆಯತ್ತ ತಿರುಗುತ್ತದೆ. ಸರಿಯಾದ ಮನೆ ಸಿಕ್ಕರೂ, ಪೇಯಿಂಗ್ ಗೆಸ್ಟ್ ವಸತಿಯ ಒಂದು ವೈಫೈ ಯಾರ ಯಾರ ಕೈಯಲ್ಲಿತ್ತು ಎಂದು ಬಿಲ್ ಕಟ್ಟಿದ ಮಾಲೀಕ ಹೇಳಬಲ್ಲನೆ? ಅಮೆರಿಕದ ಒರೆಗಾನ್‌ನಲ್ಲಿ ‘ದಿ ಕಾಬ್ಲರ್’ ಚಿತ್ರದ ಹಕ್ಕುದಾರರು ಮೊಕದ್ದಮೆ ಹೂಡಿದಾಗ, ಸಿಕ್ಕ ಸಂಪರ್ಕ ಆರೈಕೆ ಬೇಕಾದ ವಯಸ್ಕರ ನಿವಾಸವೊಂದರದಾಗಿತ್ತು. ಬರೀ ಸಂಪರ್ಕ ಹೆಸರಿನಲ್ಲಿದೆ ಎಂಬುದು ಹೊಣೆ ಹೊರಿಸಲು ಸಾಲದು ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಫ್ರಾನ್ಸ್ ಮಾತ್ರ ಈ ತೊಡಕನ್ನು ಜಾಣತನದಿಂದ ಬದಿಗೆ ಸರಿಸಿತು. ಅಲ್ಲಿನ ಅಡೋಪಿ ಕಾನೂನು, ಇಳಿಸಿಕೊಂಡವರು ಯಾರೇ ಇರಲಿ, ಸಂಪರ್ಕವನ್ನು ಭದ್ರವಾಗಿ ಇಟ್ಟುಕೊಳ್ಳದ್ದೇ ತಪ್ಪು ಎಂದಿತು. 2012ರಲ್ಲಿ ಒಬ್ಬಾತನಿಗೆ ಮೊದಲ ಶಿಕ್ಷೆಯಾಯಿತು, 150 ಯೂರೋ ದಂಡ. ರಿಹಾನಾಳ ಹಾಡುಗಳನ್ನು ಇಳಿಸಿಕೊಂಡದ್ದು ತಾನು ಎಂದು, ವಿಚ್ಛೇದನಕ್ಕೆ ಹೊರಟಿದ್ದ ಆತನ ಪತ್ನಿಯೇ ಒಪ್ಪಿಕೊಂಡಿದ್ದಳು. ದಂಡ ಕಟ್ಟಿದ್ದು ಗಂಡ. ಮರುವರ್ಷವೇ ಸಂಪರ್ಕ ಕಡಿತದ ಶಿಕ್ಷೆಯನ್ನು ಸರ್ಕಾರ ಕೈಬಿಟ್ಟಿತು. ಈ ಕಾನೂನು ಕಾಯಬೇಕಿದ್ದ ಸಂಸ್ಥೆಯ ಮೊದಲ ಲೋಗೋದಲ್ಲಿ ಅನುಮತಿಯಿಲ್ಲದ ಅಕ್ಷರಶೈಲಿ ಬಳಕೆಯಾಗಿತ್ತು ಎಂಬುದು ಇಲ್ಲಿ ಹೇಳದೆ ಬಿಡಲಾಗದ ಸಂಗತಿ.

ಪೈರಸಿ ತಡೆಯುವುದು ನೆಟ್ ಕಂಪನಿಗಳ ಕಾನೂನುಬದ್ಧ ಕರ್ತವ್ಯ ಎಂಬ ಮಾತಿಗೆ ಜಗತ್ತಿನಲ್ಲಿ ಒಂದೇ ಉತ್ತರವಿಲ್ಲ. ಎಲ್ಲ ಗಿರಾಕಿಗಳ ಸಂವಹನವನ್ನು ಸದಾ ಜರಡಿ ಹಿಡಿಯಬೇಕೆಂದು ಕಂಪನಿಗೆ ಆದೇಶಿಸಲಾಗದು ಎಂದು 2011ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಬೆಲ್ಜಿಯಂನ ಸ್ಕಾರ್ಲೆಟ್ ಕಂಪನಿಯ ಪ್ರಕರಣದಲ್ಲಿ ಹೇಳಿತು. ಗಿರಾಕಿಗಳ ಕೃತ್ಯಕ್ಕೆ ಐಐನೆಟ್ ಕಂಪನಿ ಹೊಣೆಯಲ್ಲ ಎಂದು 2012ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ತೀರ್ಪಿತ್ತಿತು. ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು: ಮತ್ತೆ ಮತ್ತೆ ಸಿಕ್ಕಿಬಿದ್ದ ಗಿರಾಕಿಗಳನ್ನು ಉಳಿಸಿಕೊಂಡಿತೆಂದು ಕಾಕ್ಸ್ ಕಂಪನಿ 100 ಕೋಟಿ ಡಾಲರ್ ಕೊಡಬೇಕೆಂದು 2019ರಲ್ಲಿ ಜ್ಯೂರಿ ಹೇಳಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಮೊತ್ತವನ್ನು ರದ್ದು ಮಾಡಿತಾದರೂ, ಅಂಥ ಅಂಕಿ ಒಮ್ಮೆ ಕಿವಿಗೆ ಬಿದ್ದ ಮೇಲೆ ಯಾವ ಕಂಪನಿ ತಾನೇ ಗಿರಾಕಿಯ ಪರ ವಾದಿಸುತ್ತ ಕೂರುತ್ತದೆ?

‘ಕದಿಯದವನಿಗೆ ಭಯವೇಕೆ’ ಎಂಬ ಮಾತು ಕೇಳಲು ಚೆಂದ. ಆದರೆ 2012ರ ಮೇನಲ್ಲಿ, ‘ಕೊಲವೆರಿ’ ಹಾಡಿನ ‘3’ ಚಿತ್ರಕ್ಕಾಗಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶ ಹಿಡಿದು ನೆಟ್ ಕಂಪನಿಗಳು ವಿಡಿಯೋ ಹಂಚಿಕೆಯ ವಿಮಿಯೋದಂಥ ಸೈಟನ್ನೇ ಇಡಿಯಾಗಿ ಮುಚ್ಚಿದವು. ತಾವೇ ಮಾಡಿದ ಕಿರುಚಿತ್ರಗಳನ್ನು ಅಲ್ಲಿಟ್ಟಿದ್ದವರ ಪಾಡು ಯಾರಿಗೂ ಬೇಕಿರಲಿಲ್ಲ. ಮುಂದಿನ ತಿಂಗಳು, ನಿರ್ದಿಷ್ಟ ಕೊಂಡಿಗಳನ್ನು ಮಾತ್ರ ತಡೆಯಬೇಕೆಂದು ಕೋರ್ಟ್ ಸ್ಪಷ್ಟಪಡಿಸಿತು. ಅಷ್ಟರಲ್ಲಿ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಯುವಕರು ಮುಖವಾಡ ಹಾಕಿಕೊಂಡು ಬೀದಿಗಿಳಿದಿದ್ದರು.

ಬ್ರಿಟನ್ನಿನ ಉದಾಹರಣೆ ಇನ್ನೂ ಕಹಿ. ಎಸಿಎಸ್ ಲಾ ಎಂಬ ವಕೀಲ ಸಂಸ್ಥೆ ಕೋರ್ಟ್ ಆದೇಶದ ಮೂಲಕ ನೆಟ್ ಕಂಪನಿಗಳಿಂದ ಹೆಸರುಗಳನ್ನು ಪಡೆದು, ಹಣ ಕಟ್ಟಿ ಇಲ್ಲವೇ ಮೊಕದ್ದಮೆ ಎದುರಿಸಿ ಎಂದು ಸಾವಿರಾರು ಜನರಿಗೆ ಪತ್ರ ಬರೆಯುತ್ತಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಅದರ ಇಮೇಲ್ ಭಂಡಾರವೇ ಬಯಲಾಯಿತು. ಅಶ್ಲೀಲ ಚಿತ್ರ ಹಂಚಿದ ಆರೋಪ ಹೊತ್ತ ಐದು ಸಾವಿರಕ್ಕೂ ಹೆಚ್ಚು ಸ್ಕೈ ಬ್ರಾಡ್‌ಬ್ಯಾಂಡ್ ಗಿರಾಕಿಗಳ ಹೆಸರು, ವಿಳಾಸ ಊರಿಗೆಲ್ಲ ತಿಳಿಯಿತು. ಆರೋಪವಷ್ಟೇ, ಸಾಬೀತಾದುದಲ್ಲ. ಸಂಸ್ಥೆ ಮುಚ್ಚಿದ್ದರಿಂದ ಅದರ ವಕೀಲರಿಗೆ ಬಿದ್ದ ದಂಡ ಬರೀ ಸಾವಿರ ಪೌಂಡ್.

ನಿರ್ಮಾಪಕರ ನೋವು ಸುಳ್ಳಲ್ಲ. ಬಿಡುಗಡೆಯ ದಿನವೇ ಟೆಲಿಗ್ರಾಂನಲ್ಲಿ ‘ಪ್ರಿಂಟ್’ ಹರಿದಾಡಿದರೆ ಸಾಲ ಮಾಡಿ ಚಿತ್ರ ತೆಗೆದವರ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಔಷಧದ ಪ್ರಮಾಣವನ್ನೂ ನೋಡಬೇಕು. 2014ರಲ್ಲಿ ಕರ್ನಾಟಕ ತನ್ನ ಗೂಂಡಾ ಕಾಯ್ದೆಗೆ ‘ಡಿಜಿಟಲ್ ಅಪರಾಧಿ’ಯನ್ನು ಸೇರಿಸಿ, ವಾಣಿಜ್ಯ ಉದ್ದೇಶದ ಕೃತಿಸ್ವಾಮ್ಯ ಉಲ್ಲಂಘನೆಗೂ ಮುಂಜಾಗ್ರತಾ ಬಂಧನದ ದಾರಿ ತೆರೆಯಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ತಜ್ಞರು ಅದನ್ನು ಆಗಲೇ ಟೀಕಿಸಿದ್ದರು.

ವಿಪಿಎನ್ ಹಾಕಿಕೊಂಡರೆ ಮುಗಿಯಿತು ಎನ್ನುವವರಿಗೆ ಒಂದೇ ಮಾತು: ಗುಟ್ಟು ಮಾಯವಾಗುವುದಿಲ್ಲ, ನೆಟ್ ಕಂಪನಿಯಿಂದ ವಿಪಿಎನ್ ಕಂಪನಿಗೆ ಕೈ ಬದಲಾಯಿಸುತ್ತದೆ. ಗಿರಾಕಿಗಳ ವಿವರವನ್ನು ಐದು ವರ್ಷ ಇಡಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ ಆದೇಶಿಸಿದಾಗ ಹಲವು ವಿದೇಶಿ ವಿಪಿಎನ್ ಕಂಪನಿಗಳು ಇಲ್ಲಿಂದ ಸರ್ವರ್ ಕಿತ್ತುಕೊಂಡು ಹೋದವು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಇರುವಾಗ ಹೆಸರು ಹೊರಬೀಳದು ಎಂದು ನೆಚ್ಚಿಕೊಳ್ಳುವುದು ಕೊನೆಯ ತಪ್ಪು ಕಲ್ಪನೆ. 2022ರಲ್ಲಿ ಶಿಕ್ಷಕಿಯೊಬ್ಬರ ಪಾಠಗಳನ್ನು ಕದ್ದು ಹಂಚುತ್ತಿದ್ದ ಚಾನೆಲ್‌ಗಳ ವಿಚಾರದಲ್ಲಿ, ಖಾಸಗಿತನದ ಹೆಸರಿನಲ್ಲಿ ವಿವರ ಮುಚ್ಚಿಡಲು ಬಾರದು ಎಂದು ದೆಹಲಿ ಹೈಕೋರ್ಟ್ ಟೆಲಿಗ್ರಾಂಗೆ ಹೇಳಿತು; ನಡೆಸುವವರ ಹೆಸರು, ಫೋನ್ ನಂಬರ್, ಐಪಿ ವಿಳಾಸಗಳನ್ನು ಕಂಪನಿ ಕೋರ್ಟಿಗೆ ಒಪ್ಪಿಸಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಕಾನೂನುಬದ್ಧ ಹಕ್ಕನ್ನು ಜಾರಿಗೊಳಿಸಲು ಬೇಕಾದ ದತ್ತಾಂಶ ಬಳಕೆಗೆ ವಿನಾಯಿತಿ ಕೊಟ್ಟಿದೆ. ಅದೇ ವರ್ಷದ ನವೆಂಬರ್‌ನಲ್ಲಿ, ಚಲನಚಿತ್ರಗಳ ಕಳ್ಳಪ್ರತಿಗಳ ಬಗ್ಗೆ ದೂರು ಬಂದರೆ 48 ಗಂಟೆಯೊಳಗೆ ತಡೆ ಹಾಕಿಸುವ ನೋಡಲ್ ಅಧಿಕಾರಿಗಳನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯ ನೇಮಿಸಿತು. ಆ ದಾರಿಯಲ್ಲಿ ನ್ಯಾಯಾಧೀಶರ ಮುಂದೆ ಹೋಗಬೇಕಾದ ಅಗತ್ಯವಿಲ್ಲ.