ಹದಿನೇಳು ಚೌಕ, ಒಂದು ಕೆರೆ

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ ಹೆಸರಘಟ್ಟಕ್ಕೆ ಇಳಿಯುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿನ ನಲ್ಲಿಗಳಿಗೆ ಕೊಳವೆಯಲ್ಲಿ ಹರಿದದ್ದು ಆ ನೀರೇ. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಬಳಿ ಇದೇ ಹೊಳೆಗೆ ಇನ್ನೊಂದು ಕಟ್ಟೆ ಬಿತ್ತು. ಶತಮಾನ ದಾಟಿದ ಮೇಲೆ ನೀರು ದಿಕ್ಕು ಬದಲಿಸಿತು. ನಗರ ಬಳಸಿ ಬಿಟ್ಟ ನೀರು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಸಂಸ್ಕರಣೆಯಾಗಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಬರತೊಡಗಿತು. ಹಳ್ಳಿಯ ನೀರು ಕುಡಿದ ಪಟ್ಟಣ, ಮಿಂದ ನೀರನ್ನು ಹಿಂದಕ್ಕೆ ಕಳಿಸಿತು.

ಈ ಕೆರೆಗಳ ಪಕ್ಕದ ಶಾಲೆಯಲ್ಲಿ ಮೇಷ್ಟರು ಹದಿನೇಳು ಬಣ್ಣದ ಚೌಕಗಳ ಚಾರ್ಟು ತೂಗುಹಾಕಿ 6ನೇ ಚೌಕ ತೋರಿಸುತ್ತಾರೆ ಎಂದುಕೊಳ್ಳಿ: ಶುದ್ಧ ನೀರು ಮತ್ತು ನೈರ್ಮಲ್ಯ. ಪಾಠಕ್ಕೆ ಬೇಕಾದ ಸರಕೆಲ್ಲ ಕಿಟಕಿಯಾಚೆಯೇ ಇದೆ. ಆದರೆ ಚಾರ್ಟು ಇಲ್ಲಿಯವರೆಗೆ ಬಂದ ದಾರಿ ಸುತ್ತುಬಳಸಿನದು.

2015ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆ, ಚೌಕಕ್ಕೊಂದರಂತೆ, ಸುಸ್ಥಿರ ಅಭಿವೃದ್ಧಿಯ 17 ಗುರಿ, 169 ಉಪಗುರಿಗಳನ್ನು ಒಪ್ಪಿ 2030ರ ಗಡುವು ಇಟ್ಟಿತು. ಸುಸ್ಥಿರ ಬದುಕಿನ ಅರಿವು ಪ್ರತಿ ವಿದ್ಯಾರ್ಥಿಗೂ ಸಿಗಬೇಕು ಎನ್ನುವುದೂ ಆ ಉಪಗುರಿಗಳಲ್ಲೊಂದು, 4.7 ಅದರ ಸಂಖ್ಯೆ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು 2025ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿತು.

ಚಾರ್ಟು ಹೊಸದು, ಪಾಠ ಹಳೆಯದು. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. ಹನ್ನೆರಡು ವರ್ಷ ಕಳೆದರೂ ಜಾರಿ ಕುಂಟುತ್ತಿದ್ದುದರಿಂದ 2003ರಲ್ಲಿ ತರಗತಿವಾರು ಪಠ್ಯಕ್ರಮ ಸಿದ್ಧಪಡಿಸುವಂತೆ ಎನ್‌ಸಿಇಆರ್‌ಟಿಗೆ ಸೂಚಿಸಬೇಕಾಯಿತು. ಪಾಠ ಪುಸ್ತಕಕ್ಕೆ ಬಂದದ್ದು ಹೀಗೆ. ಪುಸ್ತಕಕ್ಕೆ ಬಂದದ್ದು ಪರೀಕ್ಷೆಗೂ ಬಂತು, ಎರಡು ಅಂಕದ ಪ್ರಶ್ನೆಯಾಗಿ.

ಅಳತೆಯ ಪಾಠ ಬೇರೆ ದಾರಿಯಲ್ಲಿ ಬಂತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಒಂದು ಸಮಸ್ಯೆಯನ್ನು ತಾವೇ ಆರಿಸಿ, ತಾವೇ ಅಳೆದು, ವರದಿ ಮಂಡಿಸಬೇಕು. 2016ರಲ್ಲಿ ಅದರ ಮುಖ್ಯ ವಿಷಯವೇ ಸುಸ್ಥಿರ ಅಭಿವೃದ್ಧಿಯಾಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಈ ಜಿಲ್ಲೆಯಲ್ಲಿ ಅಳೆಯಲು ಬರವಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ 54 ಎಕರೆಯ ಹುಣಸೆ ತೋಪಿದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಟೇಪು ಹಿಡಿದು ಮರದ ಸುತ್ತಳತೆ ತೆಗೆಯಹೊರಟ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಸುತ್ತು ಹಾಕಬೇಕಾಗುತ್ತದೆ. ಇನ್ನು ಅಂತರ್ಜಲ: ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿವೆ. ಮನೆಯ ಕೊಳವೆಬಾವಿ ಎಷ್ಟು ಅಡಿ ಎಂದು ಕೇಳಿ ಬರೆದುಕೊಂಡರೆ ಸಾಕು, ಅಜ್ಜನ ಕಾಲದ ಬಾವಿಯಿಂದ ಅಪ್ಪನ ಬೋರ್‌ವೆಲ್‌ವರೆಗೆ ಗ್ರಾಫು ತಾನೇ ಇಳಿಯುತ್ತದೆ.

ಕೇಳುವ ಪಾಠ ಬಂದದ್ದು ಕರಾವಳಿಯಿಂದ. ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ದ ಬೆನ್ನಿಗೆ 1995ರ ಹೊತ್ತಿಗೆ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಆ ಅನುಭವದ ಮೇಲೆ ರಾಜ್ಯ ಸರ್ಕಾರ 2006ರಲ್ಲಿ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಇತ್ತ 2021ರ ನಂತರ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 17 ಗುರಿಗಳನ್ನು ಹಳ್ಳಿಗೆ ಹೊಂದುವ 9 ವಿಷಯಗಳಾಗಿ ಅಡಕಮಾಡಿತು. ಮಕ್ಕಳಸ್ನೇಹಿ ಗ್ರಾಮ, ನೀರಿನ ಕೊರತೆಯಿಲ್ಲದ ಗ್ರಾಮ ಅದರಲ್ಲಿ ಸೇರಿವೆ. ನ್ಯೂಯಾರ್ಕಿನ ಚೌಕವೂ ಕುಂದಾಪುರದ ಮಕ್ಕಳ ಸಭೆಯೂ ಒಂದೇ ಪಂಚಾಯಿತಿ ಕಟ್ಟೆಗೆ ಬಂದು ಕೂತವು.

ಓದುವುದು, ಅಳೆಯುವುದು, ಕೇಳುವುದು ಆಯಿತು. ತೂಗುವುದು ಮಾತ್ರ ಇನ್ನೂ ಪಾಠಕ್ಕೆ ಬಂದಿಲ್ಲ. ಚಾರ್ಟಿನ ಚೌಕಗಳು ಒಂದಕ್ಕೊಂದು ತಾಗದೆ ತಣ್ಣಗೆ ಕೂತಿವೆ. ಈ ಜಿಲ್ಲೆಯಲ್ಲಿ ಅವು ದಿನವೂ ಜಗಳವಾಡುತ್ತವೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. 2022ರಲ್ಲಿ ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಯ ಕೈಗಾರಿಕಾ ಭೂಸ್ವಾಧೀನದ ವಿರುದ್ಧ ಧರಣಿ ಕೂತರು. ಮೂರು ವರ್ಷ ದಾಟಿದ ಮೇಲೆ, 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು, ತಾವಾಗಿ ಕೊಡುವವರ ಜಮೀನು ಮಾತ್ರ ಪಡೆಯುವುದಾಗಿ ಹೇಳಿತು. ಅಣ್ಣ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ, ಅಪ್ಪ ರಾಗಿ ಹೊಲ ಉಳಿಸಿಕೊಳ್ಳಲು ಧರಣಿಗೆ ಹೋದ ಮನೆಯ ಮಗುವಿಗೆ 8ನೇ ಗುರಿ ಉದ್ಯೋಗ, 2ನೇ ಗುರಿ ಅನ್ನ ಎಂದು ಬಾಯಿಪಾಠ ಮಾಡಿಸಿದರೆ ಅದು ಏನು ಕಲಿತಂತಾಯಿತು? ಎರಡನ್ನೂ ತಕ್ಕಡಿಗೆ ಹಾಕಿ ತೋರಿಸುವುದಲ್ಲವೇ ಪಾಠ?

ಕೆರೆಯ ಕಥೆಯೂ ಇದೇ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ಕೈಗಾರಿಕೆಯ ಮತ್ತು ಪಟ್ಟಣದ ಕೊಳಚೆಯಿಂದ ತಮ್ಮ ಕೆರೆ ಬಿಡಿಸಿಕೊಡಿ ಎಂದು ಹೋರಾಡುತ್ತ ಬಂದಿದ್ದಾರೆ. ಕಣಿವೆ ಯೋಜನೆಯಿಂದ ಕೆರೆ ತುಂಬಿತೆಂದು ಸಂತೋಷಪಟ್ಟವರೂ, ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಲಿ ಎಂದವರೂ ಒಂದೇ ಊರಿನವರು. ಬತ್ತಿದ ಕೆರೆಯೋ, ಅರ್ಧ ಶುದ್ಧವಾದ ನೀರೋ? ದೊಡ್ಡವರೇ ಒಮ್ಮತಕ್ಕೆ ಬರದ ಪ್ರಶ್ನೆಯನ್ನು ಮಕ್ಕಳಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಮೇಷ್ಟರು ಚಾರ್ಟಿನಿಂದಲ್ಲ, ಕೆರೆ ಏರಿಯಿಂದ ಶುರುಮಾಡಲಿ. ಈ ನೀರು ಎಲ್ಲಿಂದ ಬಂತು, ಯಾರು ಬಳಸಿದ್ದು, ಯಾವ ಹಂತದವರೆಗೆ ಶುದ್ಧವಾಯಿತು? ಉತ್ತರ ಗೊತ್ತಿಲ್ಲದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಕೇಳಿಸಲಿ, ನಡಾವಳಿ ಪುಸ್ತಕದಲ್ಲಿ ಬರೆಸಲಿ. ಬರೆದದ್ದಕ್ಕೆ ಏನಾಯಿತೆಂದು ಮುಂದಿನ ವರ್ಷದ ಸಭೆಯಲ್ಲಿ ಅದೇ ಮಕ್ಕಳು, ಒಂದು ತರಗತಿ ಮೇಲೇರಿ, ಮತ್ತೆ ಕೇಳಬಹುದು.