ಮರ ಬಿಡುವ ಅನಿಲ, ಗಾಡಿ ಬಿಡುವ ಅನಿಲ

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯನ್ನು ಅಗಲಿಸಲೆಂದು 40 ಮರಗಳನ್ನು ಕಡಿದಾಗ ಊರು ಸಿಟ್ಟಿಗೆದ್ದಿತು. ನೆರಳು ಹೋಯಿತು, ಹಕ್ಕಿಗಳಿಗೆ ನೆಲೆ ತಪ್ಪಿತು ಎಂಬ ಮಾತುಗಳಲ್ಲಿ ಹುರುಳಿತ್ತು. ಆದರೆ ವಾಯುಮಂಡಲದ ರಸಾಯನಶಾಸ್ತ್ರದಲ್ಲಿ ಇನ್ನೊಂದು ಲೆಕ್ಕವಿದೆ, ಮೇಲ್ನೋಟಕ್ಕೆ ಅದು ಮರಗಳ ವಿರುದ್ಧವೇ ಇದೆ. ಬಿಸಿಲೇರಿದಂತೆ ಹಲವು ಜಾತಿಯ ಮರಗಳ ಎಲೆಗಳಿಂದ ಐಸೊಪ್ರೀನ್ ಎಂಬ ಹೈಡ್ರೊಕಾರ್ಬನ್ ಹೊರಬೀಳುತ್ತದೆ. ಐದು ಇಂಗಾಲ, ಎಂಟು ಜಲಜನಕದ ಪುಟ್ಟ ಅಣು ಅದು. ಜಗತ್ತಿನ ಸಸ್ಯಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಬಿಡುತ್ತವೆ. ಗದ್ದೆ, ಜೌಗು, ದನಕರು, ಗಣಿ, ಕಸದ ರಾಶಿಗಳಿಂದೆಲ್ಲ ಬರುವ ಮೀಥೇನಿನ ಮೊತ್ತವೂ ಹೆಚ್ಚುಕಡಿಮೆ ಇಷ್ಟೇ. ನೀಲಗಿರಿ, ಬಿದಿರು, ಆಲ-ಅರಳಿ ಬಳಗದ ಹಲವು ಮರಗಳು ಇದನ್ನು ಧಾರಾಳವಾಗಿ ಬಿಡುತ್ತವೆ. ಕತ್ತಲಾದರೆ ಎಲೆ ಇದನ್ನು ನಿಲ್ಲಿಸಿಬಿಡುತ್ತದೆ.

ಈ ಐಸೊಪ್ರೀನ್ ಗಾಳಿಯಲ್ಲಿ ಒಂದೆರಡು ಗಂಟೆ ಉಳಿದರೆ ಹೆಚ್ಚು. ಆದರೆ ಅಷ್ಟರಲ್ಲೇ ಅದು ಓಜೋನ್ ಹುಟ್ಟಲು ನೆರವಾಗಬಲ್ಲದು. ಆಕಾಶದೆತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್ ನೆಲದ ಮಟ್ಟದಲ್ಲಿ ಶ್ವಾಸಕೋಶಕ್ಕೂ ಬೆಳೆಗೂ ಕೆಡುಕು. ಹಾಗಾಗಿಯೇ ನಮ್ಮ ದೇಶದ ವಾಯು ಗುಣಮಟ್ಟದ ನಿಯಮ 8 ಗಂಟೆಗಳ ಸರಾಸರಿಗೆ ಘನ ಮೀಟರಿಗೆ 100 ಮೈಕ್ರೊಗ್ರಾಂ ಎಂಬ ಮಿತಿ ಹಾಕಿದೆ. ಹಾಗಾದರೆ ಮರವೇ ಮಾಲಿನ್ಯಕಾರಿಯೇ? 1980ರ ಸುಮಾರಿಗೆ ಅಮೆರಿಕದ ರಾಜಕಾರಣಿ ರೊನಾಲ್ಡ್ ರೇಗನ್ ಹೆಚ್ಚುಕಡಿಮೆ ಹೀಗೇ ಹೇಳಿ ನಗೆಪಾಟಲಿಗೀಡಾದರು. ನಕ್ಕವರು ಒಂದನ್ನು ಮರೆತರು. ಮರಗಳು ಬಿಡುವ ಹೈಡ್ರೊಕಾರ್ಬನ್ ಬಹಳ ಎಂಬ ರೇಗನ್ ಲೆಕ್ಕ ಸುಳ್ಳಾಗಿರಲಿಲ್ಲ. ತಪ್ಪಿದ್ದು ಅದರಿಂದ ತೆಗೆದ ತೀರ್ಮಾನ.

ಯಾಕೆ ತಪ್ಪೆಂದರೆ, ಐಸೊಪ್ರೀನ್ ಒಂದೇ ಓಜೋನನ್ನು ಹುಟ್ಟಿಸಲಾರದು. ಓಜೋನಿಗೆ ಬೇಕಾದ ಬಿಡಿ ಆಮ್ಲಜನಕ ಪರಮಾಣು ಸಿಗುವುದು ಬಿಸಿಲಿಗೆ ನೈಟ್ರೊಜನ್ ಡೈಆಕ್ಸೈಡ್ ಒಡೆದಾಗ. ಉಳಿದ ನೈಟ್ರಿಕ್ ಆಕ್ಸೈಡ್ ಹುಟ್ಟಿದ ಓಜೋನನ್ನೇ ನುಂಗಿ ಮತ್ತೆ ಡೈಆಕ್ಸೈಡ್ ಆಗುತ್ತದೆ. ಕೂಡಿ ಕಳೆದರೆ ಸೊನ್ನೆ. ಐಸೊಪ್ರೀನ್ ನಡುವೆ ಬಂದಾಗ ಲೆಕ್ಕ ಕೆಡುತ್ತದೆ. ಅದು ಉತ್ಕರ್ಷಣಗೊಳ್ಳುವಾಗ ಹುಟ್ಟುವ ಪೆರಾಕ್ಸಿ ರ‍್ಯಾಡಿಕಲ್‌ಗಳು ನೈಟ್ರಿಕ್ ಆಕ್ಸೈಡನ್ನು ಮತ್ತೆ ಡೈಆಕ್ಸೈಡ್ ಮಾಡಿಬಿಡುತ್ತವೆ, ಓಜೋನ್ ಖರ್ಚಾಗದೆ ಉಳಿಯುತ್ತದೆ. ನೈಟ್ರೊಜನ್ ಆಕ್ಸೈಡುಗಳು ತೀರಾ ಕಡಿಮೆಯಿರುವ ದಟ್ಟ ಕಾಡಿನಲ್ಲಿ ಇದೇ ಐಸೊಪ್ರೀನ್ ಇರುವ ಓಜೋನನ್ನೂ ಅಷ್ಟಿಷ್ಟು ಕರಗಿಸುತ್ತದೆ. ಅಂದರೆ ಒಲೆಯಲ್ಲಿ ಸೌದೆ ಒಟ್ಟಿದವನು ಮರ, ಕಡ್ಡಿ ಗೀರಿದವನು ನೈಟ್ರೊಜನ್ ಆಕ್ಸೈಡು ಬಿಡುವ ಎಂಜಿನ್. 1988ರಲ್ಲಿ ಅಟ್ಲಾಂಟಾ ನಗರದ ಅಧ್ಯಯನ ಇದನ್ನೇ ತೋರಿಸಿತು: ಮರಗಳು ಹೆಚ್ಚಿರುವ ಊರಿನಲ್ಲಿ ಪೆಟ್ರೋಲಿನ ಹೈಡ್ರೊಕಾರ್ಬನ್ ಮಾತ್ರ ತಗ್ಗಿಸಿದರೆ ಓಜೋನ್ ಅಷ್ಟಾಗಿ ಇಳಿಯದು, ನೈಟ್ರೊಜನ್ ಆಕ್ಸೈಡುಗಳನ್ನೇ ಹಿಡಿಯಬೇಕು.

ಮೈಸೂರಿಗೆ ಈ ಮಾತು ಮೊದಲಿಗಿಂತ ಈಗ ಹೆಚ್ಚು ಸಲ್ಲುತ್ತದೆ. 1996ರಲ್ಲಿ ಮುಚ್ಚಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳು ಟೂ-ಸ್ಟ್ರೋಕ್ ಬೈಕುಗಳು. ಆ ಬಗೆಯ ಎಂಜಿನ್ನಿನಲ್ಲಿ ಪೆಟ್ರೋಲಿನ ದೊಡ್ಡ ಪಾಲು ಉರಿಯದೆಯೇ ಹೊಗೆಕೊಳವೆಯಿಂದ ಹೊರಹೋಗುತ್ತಿತ್ತು, ನೈಟ್ರೊಜನ್ ಆಕ್ಸೈಡು ಮಾತ್ರ ಕಡಿಮೆ. ಇಂದಿನ ಫೋರ್-ಸ್ಟ್ರೋಕ್ ಗಾಡಿಗಳಿಂದ ಉರಿಯದ ಪೆಟ್ರೋಲು ಸೋರುವುದು ಬಹಳ ಇಳಿದಿದೆ. ಹಾಗಾಗಿ ಗಾಳಿಯ ಹೈಡ್ರೊಕಾರ್ಬನ್ನಿನಲ್ಲಿ ಮರಗಳ ಪಾಲು ತಾನಾಗಿಯೇ ಏರಿದೆ. ಓಜೋನ್ ಎಷ್ಟು ಎಂಬುದನ್ನು ತೀರ್ಮಾನಿಸುವ ಕೀಲಿ ಈಗ ನೈಟ್ರೊಜನ್ ಆಕ್ಸೈಡು ಬಿಡುವ ಲಾರಿ, ಬಸ್ಸು, ಜನರೇಟರು, ಬಾಯ್ಲರುಗಳ ಕೈಯಲ್ಲಿದೆ.

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. 2020ರ ಲಾಕ್‌ಡೌನಿನಲ್ಲಿ ದೇಶದ ಹಲವು ನಗರಗಳಲ್ಲಿ ನೈಟ್ರೊಜನ್ ಆಕ್ಸೈಡುಗಳು ಕುಸಿದವು, ಆದರೂ ಕೆಲವೆಡೆ ಓಜೋನ್ ಏರಿತು. ವಾಹನ ದಟ್ಟಣೆಯ ನಡುವೆ ಓಜೋನನ್ನು ನುಂಗುತ್ತಿದ್ದ ನೈಟ್ರಿಕ್ ಆಕ್ಸೈಡೇ ಇಲ್ಲವಾದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಇದು ನಿಜವೇ, ಆದರೆ ನಿಜವಾಗುವುದು ಊರಿನ ನಟ್ಟನಡುವೆ, ಆಕ್ಸೈಡುಗಳು ಮಿತಿಮೀರಿದ ಜಾಗದಲ್ಲಿ. ಐಸೊಪ್ರೀನ್ ಧಾರಾಳವಾಗಿರುವ ಹೊರವಲಯದಲ್ಲಿ ಆಕ್ಸೈಡು ಇಳಿದರೆ ಓಜೋನೂ ಇಳಿಯುತ್ತದೆ. ಹಾಗಿದ್ದರೆ ಐಸೊಪ್ರೀನ್ ಬಿಡುವ ಮರಗಳನ್ನು ನೆಡದಿದ್ದರಾಯಿತಲ್ಲ ಎನ್ನುವವರೂ ಇದ್ದಾರೆ. ಸಾವಿರಾರು ಎಕರೆಯ ನೆಡುತೋಪಿನಲ್ಲಿ ಜಾತಿಯ ಆಯ್ಕೆ ಖಂಡಿತ ಮುಖ್ಯ. ರಸ್ತೆಬದಿಯ 40 ಮರಗಳ ವಿಷಯದಲ್ಲಿ ಹಾಗಲ್ಲ: ಅವುಗಳ ಐಸೊಪ್ರೀನ್ ಬಂಡೀಪುರ, ನಾಗರಹೊಳೆ ಕಾಡುಗಳೆದುರು ಲೆಕ್ಕಕ್ಕಿಲ್ಲ, ಅವು ಕೊಡುವ ತಂಪಿಗೆ ಮಾತ್ರ ಲೆಕ್ಕವಿದೆ, ಏಕೆಂದರೆ ಬಿಸಿ ಏರಿದಷ್ಟೂ ಓಜೋನ್ ಹುಟ್ಟುವ ವೇಗ ಏರುತ್ತದೆ. ಅಗಲಿಸಿದ ರಸ್ತೆಯಾದರೋ ಇನ್ನಷ್ಟು ಗಾಡಿಗಳನ್ನು ಕರೆಯುತ್ತದೆ.

ಅಳೆಯುವುದು ಎಲ್ಲಿ ಎಂಬುದೂ ಇದೇ ರಸಾಯನಶಾಸ್ತ್ರದಿಂದಲೇ ತೀರ್ಮಾನವಾಗಬೇಕು. ಊರ ನಡುವಿನ, ವಾಹನ ದಟ್ಟಣೆಯ ಕೆ.ಆರ್. ವೃತ್ತದಂಥ ಜಾಗದಲ್ಲಿ ಓಜೋನ್ ಕಡಿಮೆ ತೋರಿದರೆ ಗಾಳಿ ಚೆನ್ನಾಗಿದೆಯೆಂದು ಅರ್ಥವಲ್ಲ. ಅಲ್ಲಿ ಹುಟ್ಟಿದ್ದನ್ನು ಹೊಗೆಯೇ ತಿಂದಿದೆ. ಮಿಕ್ಕ ಕಥೆ ಗಾಳಿ ಹೋದ ಕಡೆ, ಕೆಲವು ಗಂಟೆಗಳ ನಂತರ ಬಿಚ್ಚಿಕೊಳ್ಳುತ್ತದೆ: ನೈಋತ್ಯದ ಗಾಳಿಯಿದ್ದ ದಿನ ಶ್ರೀರಂಗಪಟ್ಟಣದತ್ತ, ಈಶಾನ್ಯದ ಗಾಳಿಯಿದ್ದರೆ ಎಚ್.ಡಿ. ಕೋಟೆಯತ್ತ. ಓಜೋನ್ ಮಾಪಕ ಇರಬೇಕಾದ್ದು ಆ ದಾರಿಯ ಹಳ್ಳಿಗಳಲ್ಲಿ, ಅದೂ ಮಾರ್ಚ್‌ನಿಂದ ಮೇ ತನಕದ ಮಧ್ಯಾಹ್ನಗಳಲ್ಲಿ.