ಉಬ್ಬಸವೂ ವಾಸದ ಮನೆಯೂ

ಉಬ್ಬಸದ ರೋಗಿಗೆ ಔಷಧವನ್ನು ಅರಸುವ ನಾವು ಅವನು ಮಲಗುವ ಕೋಣೆಯನ್ನು ನೋಡುವುದು ಅಪರೂಪ. ವೈದ್ಯರು ಕೊಟ್ಟ ಸೇದುವ ಔಷಧವು ಉಸಿರುನಾಳದ ಬಾವನ್ನು ಇಳಿಸುತ್ತದೆ, ಅದನ್ನು ಬಿಡತಕ್ಕದ್ದಲ್ಲ. ಆದರೆ ಆ ಬಾವನ್ನು ಕೆರಳಿಸುವ ವಸ್ತು ಮನೆಯಲ್ಲಿಯೇ ಇದ್ದರೆ ಔಷಧದ ಫಲವು ಕುಗ್ಗುತ್ತದೆ. ಅಂತಹ ವಸ್ತು ಎಲ್ಲ ಮನೆಗಳಲ್ಲಿಯೂ ಒಂದೇ ಅಲ್ಲ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯೇ ಇದಕ್ಕೆ ನಿದರ್ಶನ.

ಕುಷ್ಟಗಿ, ಯಲಬುರ್ಗಾಗಳದು ಒಣಬೇಸಾಯದ ಸೀಮೆ. ಅಲ್ಲಿಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ದಪ್ಪ ಗೋಡೆಗಳಿಂದ ಬೇಸಗೆಯಲ್ಲಿ ತಂಪಾಗಿರುವುವು. ಆದರೆ ಕಿಟಕಿಗಳು ಕಡಿಮೆ. ಮೇಲೆ ಒಂದೆರಡು ಬೆಳಕಿಂಡಿ, ಮುಂಭಾಗದಲ್ಲಿ ದನ, ಒಳಗೆ ಒಲೆ. ತೊಗರಿಕಟ್ಟಿಗೆ, ಕುಳ್ಳುಗಳ ಹೊಗೆಯು ಹೊರಗೆ ಹೋಗಲು ದಾರಿಗಾಣದೆ ಒಲೆಯ ಮುಂದಿನ ತಾಯಿಯ ಮತ್ತು ಅವಳ ಮಡಿಲ ಕೂಸಿನ ಶ್ವಾಸಕೋಶವನ್ನು ಸೇರುತ್ತದೆ.

ಗಂಗಾವತಿಯ ಕಷ್ಟವು ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತದ ಗದ್ದೆಯಾದ ಈ ಸೀಮೆಯಲ್ಲಿ ತೇವವು ಹೆಚ್ಚು. ಗಾಳಿಯಾಡದ ಕಾಂಕ್ರೀಟಿನ ಕೋಣೆಯಲ್ಲಿ ಮಾಡು ಸೋರಿದರೆ ಗೋಡೆಗೆ ಬೂಷ್ಟು ಹತ್ತುತ್ತದೆ. ಕೌದಿ, ಗಾದಿಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ನಮ್ಮ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಬೆಳೆಯುವುವು. ಅವುಗಳ ಮಲವು ಅನೇಕರ ಸೀನಿಗೂ ಉಬ್ಬಸಕ್ಕೂ ಕಾರಣ. ತೇವದ ಮನೆಯಲ್ಲಿ ಉಸಿರಿನ ರೋಗಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿಯೇ ಹೇಳಿದೆ. ಆದುದರಿಂದ ಪಕ್ಕಾ ಮನೆಯೆಂದ ಮಾತ್ರಕ್ಕೆ ಅದು ಆರೋಗ್ಯದ ಮನೆಯಾಗಲಾರದು.

ದೋಷಕ್ಕೆ ತಕ್ಕಂತೆ ಪರಿಹಾರ. ಹೊಗೆಯ ಮನೆಗೆ ಬೇಕಾದುದು ಹೊಗೆಯ ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿತು. ೨೦೧೬ರ ಉಜ್ಜ್ವಲಾ ಯೋಜನೆಯಿಂದ ಅನಿಲದ ಒಲೆ ಬಂದ ಮೇಲೆಯೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆಯನ್ನು ಉರಿಸುವುದುಂಟು. ಆ ಒಲೆಯನ್ನಾದರೂ ಮಲಗುವ ಕಡೆಯಿಂದ ದೂರವಿಡಬೇಕು. ದನಗಳಿಗೆ ಬೇರೆ ಕೊಟ್ಟಿಗೆ ಬೇಕು. ತೇವದ ಮನೆಯಲ್ಲಿ ಮೊದಲು ಸೋರುವಿಕೆಯನ್ನು ನಿಲ್ಲಿಸಬೇಕು. ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಮರಳಿ ಬರುತ್ತದೆ. ಹಾಸಿಗೆಯ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಎದುರುಬದುರಾಗಿ ಕಿಟಕಿಗಳಿದ್ದರೆ ಹೊಗೆ, ತೇವಗಳೆರಡೂ ಹೊರಬೀಳುವುವು.

ಆದರೆ ಬಾಡಿಗೆಯವನು ಗೋಡೆಯನ್ನು ಒಡೆದು ಕಿಟಕಿ ಇಡಲಾರನು. ಪಟ್ಟಣದಲ್ಲಿ ನಿವೇಶನದ ಅಂಗುಲವನ್ನೂ ಬಿಡದೆ ಬಾಡಿಗೆಮನೆ ಕಟ್ಟಿಸುವವರು ವಿದ್ಯಾವಂತರಾದ ನಾವೇ. ಗಾಳಿಗೆಂದು ಬಿಟ್ಟ ಎರಡು ಗಜ ಜಾಗವು ನಮಗೆ ಬಾಡಿಗೆಯನ್ನು ತರಲಾರದು. ಆದರೆ ಯಾರದೋ ಮಗು ನಡುರಾತ್ರಿ ಎದ್ದು ಕುಳಿತು ಉಸಿರಿಗಾಗಿ ಒದ್ದಾಡುವುದನ್ನು ಅದು ತಪ್ಪಿಸೀತು.